ಚಡ್ಡಿಯ ಅಳತೆ ಹಿಡಿದವರು ಆಟ ಬೆಳೆಸಲಿಲ್ಲ

ಬೀಚ್ ವಾಲಿಬಾಲ್ ಅಂದ ಕೂಡಲೇ ಕಟ್ಟೆ ಮೇಲೆ ಕೂತವರ ಮುಖದಲ್ಲಿ ಒಂದು ನಗು ಬರುತ್ತದೆ. ಆ ನಗು ಎಂಥದ್ದು ಅಂತ ನಿಮಗೂ ಗೊತ್ತು. ಮೊಬೈಲ್‌ಗೆ ಬರುವ ರೀಲ್ಸ್‌ಗಳಲ್ಲಿ ಆಟ ಕಾಣುವುದು ಕಡಿಮೆ, ಬಿಕಿನಿ ಕಾಣುವುದೇ ಹೆಚ್ಚು. ರಾತ್ರಿ ಅದನ್ನು ಕದ್ದು ನೋಡಿದವರೇ ಬೆಳಿಗ್ಗೆ ಎದ್ದು, 'ನಮ್ಮ ಹೆಣ್ಣುಮಕ್ಕಳಿಗೆ ಅಂಥ ಆಟ ಬೇಡ' ಅಂತ ತೀರ್ಪು ಕೊಡುತ್ತಾರೆ.

ಆದರೆ ಈ ತಪ್ಪು ಕಟ್ಟೆಯವರದ್ದು ಮಾತ್ರ ಅಲ್ಲ. ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿರುವ ಅಂತರರಾಷ್ಟ್ರೀಯ ವಾಲಿಬಾಲ್ ಫೆಡರೇಷನ್ ವರ್ಷಗಟ್ಟಲೆ ಇದನ್ನೇ ನಿಯಮ ಮಾಡಿ ಇಟ್ಟಿತ್ತು. ಹೆಣ್ಣುಮಕ್ಕಳು ಬಿಕಿನಿ ಹಾಕಬೇಕು, ಇಲ್ಲವೇ ಒಂದೇ ತುಂಡಿನ ಈಜುಡುಗೆ ಹಾಕಬೇಕು. ಬಿಕಿನಿ ಚಡ್ಡಿಯ ಪಕ್ಕದ ಪಟ್ಟಿ 7 ಸೆಂಟಿಮೀಟರ್ ದಾಟಬಾರದು. ಇಷ್ಟೇ ಅಗಲ ಇರಲೇಬೇಕು ಅಂತಲ್ಲ, ಇದಕ್ಕಿಂತ ಹೆಚ್ಚು ಇರಬಾರದು ಅಂತ! ಅದೇ ಮರಳಿನಲ್ಲಿ, ಅದೇ ಬಿಸಿಲಿನಲ್ಲಿ ಆಡುವ ಗಂಡಸರಿಗೆ ಸಡಿಲ ಚಡ್ಡಿ, ಮೇಲೊಂದು ಬನಿಯನ್‌ನಂಥ ಜೆರ್ಸಿ. ಮರಳಲ್ಲಿ ಬಿದ್ದು ಚೆಂಡೆತ್ತಲು ಚಿಕ್ಕ ಬಟ್ಟೆಯೇ ಅನುಕೂಲ ಅನ್ನುವುದು ನಿಜವಾಗಿದ್ದರೆ, ಗಂಡಸರಿಗೆ ಯಾಕೆ ಆ ಅನುಕೂಲ ಕೊಡಲಿಲ್ಲ?

ಇದನ್ನು ಸಮರ್ಥಿಸುವವರದ್ದು ಒಂದೇ ವಾದ: ಹಾಗಿದ್ದದ್ದಕ್ಕೇ ಟಿವಿಯವರು ಬಂದರು, ಜಾಹೀರಾತು ಬಂತು, ಆಟ ಬೆಳೆಯಿತು. ಇದು ಸುಳ್ಳು. ಆಟ ಬೆಳೆದ ದಾರಿ ನೋಡಿ.

1920ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾ ಕಡಲ ತೀರದಲ್ಲಿ ಜನ ಮನೆಮಂದಿ ಸೇರಿ ಆಡುತ್ತಿದ್ದ ಆಟ ಇದು. ಆಮೇಲೆ ಇಬ್ಬಿಬ್ಬರ ಆಟವಾಯಿತು. 1987ರಲ್ಲಿ ಬ್ರೆಜಿಲ್‌ನ ರಿಯೊದ ಇಪನೇಮಾ ತೀರದಲ್ಲಿ ಫೆಡರೇಷನ್ನಿನ ಮಾನ್ಯತೆ ಇರುವ ಮೊದಲ ಗಂಡಸರ ಟೂರ್ನಿ ನಡೆಯಿತು. 1992ರಲ್ಲಿ ಹೆಂಗಸರ ಟೂರ್ನಿ ಶುರುವಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಪದಕದ ಆಟವಾಯಿತು.

ಅಟ್ಲಾಂಟಾದಲ್ಲಿ ಹೆಂಗಸರ ಚಿನ್ನ ಗೆದ್ದವರು ಬ್ರೆಜಿಲ್‌ನ ಜ್ಯಾಕಿ ಸಿಲ್ವಾ ಮತ್ತು ಸಾಂಡ್ರಾ ಪಿರೆಸ್. ಬ್ರೆಜಿಲ್‌ನ ಹೆಣ್ಣುಮಕ್ಕಳಿಗೆ ಒಲಿಂಪಿಕ್ಸ್‌ನಲ್ಲಿ ಸಿಕ್ಕ ಮೊಟ್ಟಮೊದಲ ಚಿನ್ನ ಅದು. ಈ ಜ್ಯಾಕಿ ಹಿಂದೆ ಒಳಾಂಗಣ ವಾಲಿಬಾಲ್ ತಂಡದಲ್ಲಿದ್ದಾಗ, ಜೆರ್ಸಿ ಮೇಲಿನ ಜಾಹೀರಾತಿನ ದುಡ್ಡು ಆಟಗಾರ್ತಿಯರಿಗೆ ಕೊಡುತ್ತಿಲ್ಲ ಅಂತ ಜೆರ್ಸಿಯನ್ನೇ ಒಳಮಗ್ಗುಲು ಹೊರಗೆ ಮಾಡಿ ಹಾಕಿಕೊಂಡವಳು. ಅದಕ್ಕೆ ತಂಡದಿಂದ ಹೊರಬಿದ್ದು ಮರಳಿಗೆ ಬಂದಳು. ಮೈಮೇಲಿನ ಬಟ್ಟೆಯ ಹಕ್ಕು ಯಾರದ್ದು ಅನ್ನುವ ಜಗಳ ಈ ಆಟದ ಜೊತೆಗೇ ಬಂದಿದೆ.

ಇನ್ನು ಅಮೆರಿಕದ ಮಿಸ್ಟಿ ಮೇ-ಟ್ರೀನರ್ ಮತ್ತು ಕೆರಿ ವಾಲ್ಶ್ ಜೆನ್ನಿಂಗ್ಸ್. 2004, 2008, 2012 ಹೀಗೆ ಸಾಲಾಗಿ ಮೂರು ಒಲಿಂಪಿಕ್ಸ್ ಚಿನ್ನ. ಆ ಮೂರರಲ್ಲಿ ಆಡಿದ್ದು 21 ಪಂದ್ಯ, ಸೋತಿದ್ದು ಸೊನ್ನೆ. ಇಬ್ಬರೇ ಸೇರಿ ಇಡೀ ಕೋರ್ಟ್ ಕಾಯಬೇಕು. ಸರ್ವಿಸ್ ಎತ್ತಿದವಳೇ ಓಡಿ ಬಂದು ಸ್ಮ್ಯಾಶ್ ಹೊಡೆಯಬೇಕು. ಸುಸ್ತಾದರೆ ಬದಲಿ ಆಟಗಾರ್ತಿ ಇಲ್ಲ. ಜನ ಮುಗಿಬಿದ್ದು ನೋಡಿದ್ದು ಇದನ್ನು. ಇದರ ಹೆಸರನ್ನು 7 ಸೆಂಟಿಮೀಟರ್ ಬಟ್ಟೆಗೆ ಕೊಡುವುದು ಅವರ ಬೆವರಿಗೆ ಮಾಡುವ ಅವಮಾನ.

ನಿಜ ಹೇಳಬೇಕೆಂದರೆ ಆ ನಿಯಮದಿಂದ ಆಟ ಬೆಳೆಯಲಿಲ್ಲ, ಆಟ ಬೆಳೆದಿದ್ದರಿಂದ ನಿಯಮ ಮುರಿಯಿತು. ಲಂಡನ್ ಒಲಿಂಪಿಕ್ಸ್‌ನ ಅರ್ಹತಾ ಪಂದ್ಯಗಳಿಗೆ ನೂರಕ್ಕೂ ಹೆಚ್ಚು ದೇಶಗಳು ಬಂದವು. ಅದರಲ್ಲಿ ಬೇರೆ ಬೇರೆ ಧರ್ಮದವರು, ಬೇರೆ ಬೇರೆ ಪದ್ಧತಿಯವರು ಇದ್ದರು. ಫೆಡರೇಷನ್‌ಗೆ ಬೇರೆ ದಾರಿ ಉಳಿಯಲಿಲ್ಲ. 2012ರಲ್ಲಿ ಮೊಣಕಾಲಿನ ಹತ್ತಿರದವರೆಗಿನ ಚಡ್ಡಿ, ತೋಳಿರುವ ಅಂಗಿ ಹಾಕಲು ಒಪ್ಪಿತು. ಲಂಡನ್‌ನಲ್ಲಿ ಜನ ಬರಲಿಲ್ಲವೇ? ಬಂದರು. ಚಳಿ ರಾತ್ರಿಗಳಲ್ಲಿ ಮಿಸ್ಟಿ, ಕೆರಿ ಕೂಡ ತುಂಬುತೋಳಿನ ಅಂಗಿ ಹಾಕಿಯೇ ಆಡಿದರು.

2016ರಲ್ಲಿ ರಿಯೊ ಒಲಿಂಪಿಕ್ಸ್‌ಗೆ ಈಜಿಪ್ಟ್‌ನ ದೋಆ ಎಲ್ಘೊಬಾಶಿ ಮತ್ತು ನಾದಾ ಮೆವಾದ್ ಬಂದರು. ತುಂಬುತೋಳು, ಉದ್ದ ಪ್ಯಾಂಟ್; ದೋಆ ತಲೆಗೆ ಹಿಜಾಬ್ ಕೂಡ. ಬಲೆಯ ಆಚೆ ಬಿಕಿನಿ ಹಾಕಿದ ಜರ್ಮನಿಯವರು. ಆ ಫೋಟೊ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಈಜಿಪ್ಟ್ ಸೋತಿತು, ಜರ್ಮನಿಯ ಆ ಜೋಡಿ ಮುಂದೆ ಚಿನ್ನವನ್ನೂ ಗೆದ್ದಿತು. ಆದರೆ ಒಂದೇ ಕೋರ್ಟಿನಲ್ಲಿ ಎರಡೂ ಉಡುಪು ಇರಬಹುದು ಅನ್ನುವುದು ಅಲ್ಲಿಗೆ ಸಾಬೀತಾಯಿತು.

ಹಾಗಂತ ಬಿಕಿನಿಯನ್ನು ಬೈಯುವುದಕ್ಕೆ ನಾನು ಬರೆಯುತ್ತಿಲ್ಲ. 2021ರಲ್ಲಿ ಕತಾರ್‌ನ ದೋಹಾದಲ್ಲಿ ಹೆಂಗಸರ ಟೂರ್ನಿ ಇತ್ತು. ಅಲ್ಲಿ ಬಿಕಿನಿ ಬೇಡ, ಮೈ ಮುಚ್ಚುವ ಬಟ್ಟೆ ಹಾಕಿ ಅಂದಾಗ ಜರ್ಮನಿಯ ಕಾರ್ಲಾ ಬೋರ್ಗರ್, ಯೂಲಿಯಾ ಝೂಡೆ ಹೋಗುವುದಿಲ್ಲ ಅಂದರು. ನಿರ್ಬಂಧ ಇಲ್ಲ ಅಂತ ಆಮೇಲೆ ಹೇಳಬೇಕಾಯಿತು. ಅದೇ ವರ್ಷ ಬೀಚ್ ಹ್ಯಾಂಡ್‌ಬಾಲ್‌ನಲ್ಲಿ ನಾರ್ವೆಯ ಹುಡುಗಿಯರು ಬಿಕಿನಿ ಚಡ್ಡಿ ಬಿಟ್ಟು ಸಾದಾ ಚಡ್ಡಿ ಹಾಕಿದ್ದಕ್ಕೆ 1,500 ಯೂರೊ ದಂಡ ಬಿತ್ತು. ಜಗತ್ತು ಉಗಿದ ಮೇಲೆ ಆ ನಿಯಮವೂ ಬದಲಾಯಿತು. ಒಂದು ಕಡೆ ಮುಚ್ಚು ಅಂದರು, ಇನ್ನೊಂದು ಕಡೆ ಬಿಚ್ಚು ಅಂದರು. ಎರಡೂ ಕಡೆ ಆಡುವವಳನ್ನು ಮೊದಲು ಕೇಳಿದವರು ಯಾರೂ ಇಲ್ಲ.

ಈಗ ನಮ್ಮ ಕಟ್ಟೆಗೆ ಬರೋಣ. ಇದುವರೆಗೆ ಎಂಟು ಒಲಿಂಪಿಕ್ಸ್‌ನಲ್ಲಿ ಈ ಆಟ ನಡೆದಿದೆ. ಒಂದರಲ್ಲೂ ಭಾರತದ ಜೋಡಿ ಆಡಿಲ್ಲ. ಮೂರು ಲಕ್ಷ ಚಿಲ್ಲರೆ ಜನರಿರುವ ವನುವಾಟು ದ್ವೀಪದ ಹೆಣ್ಣುಮಕ್ಕಳು 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. ಕಡಲು ಇಲ್ಲ ಅನ್ನುವ ನೆಪ ಹೇಳಬೇಡಿ. ಕಡಲೇ ಇಲ್ಲದ ಸ್ವಿಟ್ಜರ್ಲೆಂಡಿನವರು ಪದಕ ಗೆದ್ದಿದ್ದಾರೆ. ಬೇಕಿರುವುದು 16 ಮೀಟರ್ ಉದ್ದ, 8 ಮೀಟರ್ ಅಗಲದ ಅಂಕಣ, ಸುತ್ತ ಸ್ವಲ್ಪ ಜಾಗ, ಮೊಣಕಾಲುದ್ದವೂ ಇಲ್ಲದಷ್ಟು ಆಳದ ಮರಳು, ಒಂದು ಬಲೆ. ಹಳ್ಳಿ ಹೈಸ್ಕೂಲುಗಳಲ್ಲಿ ವಾಲಿಬಾಲ್‌ಗೆ ಆರು ಹುಡುಗಿಯರನ್ನು ಹೊಂದಿಸುವುದೇ ಕಷ್ಟ. ಇಲ್ಲಿ ಇಬ್ಬರು ಸಾಕು.

ಬಟ್ಟೆಯ ನೆಪವಂತೂ 2012ಕ್ಕೇ ಸತ್ತಿದೆ. ಟ್ರ್ಯಾಕ್ ಪ್ಯಾಂಟ್, ಟಿ-ಶರ್ಟ್ ಹಾಕಿಯೇ ನಿಮ್ಮ ಮಗಳು ಇದನ್ನು ಕಲಿಯಬಹುದು. ಆದ್ದರಿಂದ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಮೈದಾನದ ಮೂಲೆಯಲ್ಲಿ ಒಂದು ಮರಳಿನ ಅಂಕಣ ಕೇಳಿ. ಪಿಟಿ ಮಾಸ್ತರರು ಹುಡುಗಿಯರನ್ನೂ ಅದಕ್ಕೆ ಇಳಿಸಲಿ. ಏನು ಹಾಕಿಕೊಂಡು ಆಡಬೇಕು ಅಂತ ಆಡುವವಳು ಹೇಳುತ್ತಾಳೆ. ಕಟ್ಟೆಯವರಿಗೆ ನೋಡಲೇಬೇಕು ಅನ್ನಿಸಿದರೆ ಸ್ಕೋರ್ ನೋಡಲಿ.