ಬೂವ, ತಾಚಿ, ಗುಮ್ಮ



ಸಂಘದ ಕಾರ್ಯಕ್ರಮಗಳಲ್ಲಿ ಸಿಗುವ ಹೊಸ ತಾಯಂದಿರು ಈಚೆಗೆ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಆಂಟೀ, ನಾವೇ ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದೋರು. ಮಗುವಿಗೆ ಏನು ಕಲಿಸೋದು? ಐದು ವರ್ಷ ಆದ ಮೇಲೆ ಯಾವುದಾದರೂ ಕನ್ನಡ ಕ್ಲಾಸಿಗೆ ಕಳಿಸಿದರೆ ಸಾಲದೇ?"

ಸಾಲದು ಎಂದೇ ನಾನು ಹೇಳುವುದು. ಕ್ಲಾಸಿನಲ್ಲಿ ಅಕ್ಷರ ಸಿಗುತ್ತದೆ. ಮಾತು ಸಿಗುವುದು ಅದಕ್ಕೂ ಬಹಳ ಮೊದಲು, ಬಚ್ಚಲಿನಲ್ಲಿ, ಅನ್ನದ ಬಟ್ಟಲಿನ ಎದುರು, ದೀಪ ಆರಿಸಿದ ಮೇಲೆ. ಬೂವ, ತಾಚಿ, ಗುಮ್ಮ ಎನ್ನಲು ನಿಮಗೆ ಓದು ಬರಹ ಬರಬೇಕೆಂದೇನೂ ಇಲ್ಲ.

ನಾನು ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವಳು. ಮದುವೆಯಾಗಿ ವರ್ತಕ ನಗರಕ್ಕೆ ಬಂದು, ಮುಂದೆ ಮಗನನ್ನು ಶಿಶುವರ್ಗಕ್ಕೆ ಸೇರಿಸಿದಾಗ, ಅಲ್ಲಿನ ಟೀಚರ್ "ಮನೆಯಲ್ಲೂ ಇಂಗ್ಲಿಷನ್ನೇ ಮಾತಾಡಿ" ಎಂದು ತಾಕೀತು ಮಾಡಿದರು. ನೆರೆಹೊರೆಯ ಕೆಲವರು ಹಾಗೆಯೇ ಮಾಡಿದರು. ಅವರ ಮನೆಗಳಿಂದ ಕೇಳಿಬರುತ್ತಿದ್ದ ಇಂಗ್ಲಿಷ್ ಎಷ್ಟು ಗೊತ್ತೇ? ಕಮ್, ಸಿಟ್, ಈಟ್, ಡೋಂಟ್ ಟಚ್. ಬರೀ ಕವಾಯತು! ಹೊಟ್ಟೆನೋವಿನಿಂದ ಅಳುವ ಕೂಸಿಗೆ "ಚುಚ್ಚಿದ ಹಾಗಾಗತ್ತಾ, ಹಿಂಡಿದ ಹಾಗಾಗತ್ತಾ ಪುಟ್ಟಾ" ಎಂದು ಕೇಳಬೇಕಾದರೆ ನನ್ನ ಬಿ.ಎ. ಇಂಗ್ಲಿಷೂ ತಡಕಾಡುತ್ತದೆ. ನಾನು ಕನ್ನಡ ಬಿಡಲಿಲ್ಲ. ಇಂಗ್ಲಿಷ್ ಅವನಿಗೆ ಶಾಲೆಯಲ್ಲಿ ಬಂತು, ಮರಾಠಿ ಕೆಳಗಿನ ಅಂಗಳದಲ್ಲಿ ಬಂತು.

ಮರಾಠಿ ಎಂದಾಗ ಪಕ್ಕದ ಮನೆಯ ಆಜಿಯ ನೆನಪಾಗುತ್ತದೆ. ಅವರು ಚಿವೂ ಕಾವೂ ಹೆಸರಿನಲ್ಲಿ ಒಂದೊಂದೇ ತುತ್ತು ಕೊಡುತ್ತ ಗುಬ್ಬಿ ಕಾಗೆಯ ಕಥೆ ಹೇಳುವರು. ಅವರ ಕಥೆಯಲ್ಲಿ ಗುಬ್ಬಿಯ ಮನೆ ಮೇಣದ್ದು, ಕಾಗೆಯದು ಸಗಣಿಯದು. ನಾನು ಕೇಳಿ ಬೆಳೆದ ಕಾಗಕ್ಕ ಗುಬ್ಬಕ್ಕನ ಕಥೆಯಲ್ಲಿ ಗುಬ್ಬಕ್ಕನದು ಕಲ್ಲಿನ ಮನೆ, ಕಾಗಕ್ಕನದು ಮಣ್ಣಿನದು. ಎರಡರಲ್ಲೂ ಮಳೆ ಬಂದು ತೊಳೆದುಹೋಗುವುದು ಪಾಪ ಕಾಗೆಯ ಮನೆಯೇ. ಮಗನಿಗೆ ಎರಡೂ ಬೇಕಿತ್ತು. ಮೇಣದ ಮನೆ ಬಿಸಿಲಿಗೆ ಕರಗುವುದಿಲ್ಲವೇ ಎಂದು ಆಜಿಯನ್ನು ಮರಾಠಿಯಲ್ಲಿ ಕೇಳಿ, ಅವರ ಉತ್ತರವನ್ನು ನನಗೆ ಕನ್ನಡದಲ್ಲಿ ತಂದು ಒಪ್ಪಿಸುವನು.

ಮೂರು ಭಾಷೆ ಕಿವಿಗೆ ಬಿದ್ದರೆ ಮಗುವಿಗೆ ಮಾತು ತಡವಾಗುತ್ತದೆ ಎಂದು ಹೆದರಿಸುವವರು ಈಗಲೂ ಇದ್ದಾರೆ. ಹಲವು ಭಾಷೆ ಕೇಳುವುದರಿಂದ ಮಾತಿನ ದೋಷ ಹುಟ್ಟುವುದಿಲ್ಲ. ಎರಡು ವರ್ಷ ತುಂಬಿದರೂ ಮಗು ಎರಡು ಶಬ್ದ ಜೋಡಿಸದಿದ್ದರೆ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ಮನೆಯ ಭಾಷೆಯನ್ನು ಮಾತ್ರ ಬದಲಾಯಿಸಬೇಡಿ.

ನಿಮ್ಮ ಕಷ್ಟ ಬೇರೆ, ಬಲ್ಲೆ. ನಾನು ದಿನವಿಡೀ ಮನೆಯಲ್ಲಿದ್ದವಳು. ನೀವು ನೌಕರಿಯವರು. 1961ರ ಕಾಯ್ದೆಯಲ್ಲಿ 12 ವಾರವಿದ್ದ ಹೆರಿಗೆ ರಜೆ 2017ರ ತಿದ್ದುಪಡಿಯಿಂದ, ಮೊದಲ ಎರಡು ಮಕ್ಕಳಿಗೆ, 26 ವಾರವಾಯಿತು. ಅಂದರೆ ಆರು ತಿಂಗಳು. ಮಗು ಬಾಯಿ ತೆರೆದು "ಅಮ್ಮ" ಎನ್ನುವ ಹೊತ್ತಿಗೆ ಅದು ಪಾಳಣಾಘರದಲ್ಲಿ! ಲೋಕಲ್ ಇಳಿದು, ಠಾಣೆ ಸ್ಟೇಷನ್ನಿನ ರಿಕ್ಷಾ ಸಾಲಿನಲ್ಲಿ ನಿಂತು ಮನೆ ಸೇರಿದ ಮೇಲೆ ನಿಮಗೆ ಉಳಿಯುವುದು ಉಣಿಸುವ, ಮಲಗಿಸುವ ಒಂದು ಗಂಟೆ. ಆ ಗಂಟೆಯನ್ನು ಮೊಬೈಲಿನ ಕಾರ್ಟೂನಿಗೆ ಕೊಟ್ಟುಬಿಟ್ಟರೆ ಕನ್ನಡಕ್ಕೆ ಬೇರೆ ಜಾಗವೇ ಇಲ್ಲ. ಊರಿನ ಅಜ್ಜಿಯನ್ನಾದರೂ ಅದೇ ಮೊಬೈಲಿನಲ್ಲಿ ಕೂರಿಸಿಕೊಳ್ಳಿ. ನಮ್ಮ ಕಾಲಕ್ಕೆ ಎಸ್‌ಟಿಡಿ ಬೂತಿನಲ್ಲಿ ಕಾಲು ದರವಾಗಲು ರಾತ್ರಿ 11ರವರೆಗೆ ಕಾಯಬೇಕಿತ್ತು, ಅಷ್ಟರಲ್ಲಿ ಮೊಮ್ಮಗು ನಿದ್ದೆ ಹೋಗಿರುತ್ತಿತ್ತು. ಬರೀ ಕನ್ನಡವಷ್ಟೇ ಬರುವ ಅಜ್ಜಿಗೆ ಮೊಮ್ಮಗುವಿನ ಮಾತು ತಿಳಿಯದಿದ್ದರೆ ಆಕೆ ಎಷ್ಟು ಹೊತ್ತು ನಗುತ್ತಾ ಕೂತಾಳು, ಹೇಳಿ.

ಅಪ್ಪಂದಿರಿಗೂ ಇದು ಅನ್ವಯಿಸುತ್ತದೆ. ನಮ್ಮ ಕಟ್ಟಡದಲ್ಲೊಂದು ಪುಟ್ಟ ಸಂಸಾರವಿದೆ. ತಾಯಿ ಮರಾಠಿಯವಳು, ತಂದೆ ನಮ್ಮ ಹುಡುಗ, ಅವನ ಕನ್ನಡವೋ ಅಷ್ಟಕ್ಕಷ್ಟೇ. ಆದರೂ ರಾತ್ರಿ ತಾನೇ ಉಣಿಸುತ್ತಾನೆ. ಮಗುವಿನ ಲೆಕ್ಕದಲ್ಲಿ ಅಪ್ಪ ಉಣಿಸಿದರೆ ಬೂವ, ಆಯಿ ಉಣಿಸಿದರೆ ಮಂಮಂ. ಮೊನ್ನೆ ಆ ಪೋರ ಆಯಿಯ ಹತ್ತಿರ ಮಂಮಂ ಮುಗಿಸಿ, ಬಾಯಿ ಒರೆಸಿಕೊಂಡು, ಅಪ್ಪನ ಮುಂದೆ ಬಂದು ಕೂತು "ಬೂವ" ಎಂದನಂತೆ.