ಒಣ ಅರಿವಿ ಸೇವೆ

ಕಾರಿನ ಬಣ್ಣ ಹಾಳಾಗೋದು ಧೂಳಿನಿಂದಲ್ಲ, ಧೂಳು ಒರೆಸೋದರಿಂದ. ಇದು ನನ್ನ ಖಡಕ್ ಅಭಿಪ್ರಾಯ. ಒಪ್ಪದವರು ಬೀಳಗಿಗೆ ಬನ್ನಿ, ಜೋಳದ ರೊಟ್ಟಿ ತಿನ್ನಿಸಿ ಒಪ್ಪಿಸ್ತೀನಿ :-)

ನಮ್ಮ ಕಡೆ ಕಬ್ಬಿನ ಹಂಗಾಮು ಶುರುವಾಯ್ತು ಅಂದರೆ ಕಾರುಗಳ ಬಣ್ಣವೇ ಗುರುತು ಸಿಗೋದಿಲ್ಲ. ಮುಧೋಳ, ಜಮಖಂಡಿ ಕಡೆಯ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಅವುಗಳ ಹಿಂದೆ ಎರೆಮಣ್ಣಿನ ಧೂಳು. ಸಕ್ಕರೆ ಕಾರ್ಖಾನೆಗೆ ಹತ್ತಿರದ ಊರಾದರೆ ಚಿಮಣಿಯ ಕರಿ ಬೂದಿ ಬೇರೆ. ಬೆಳಿಗ್ಗೆ ಎದ್ದು ನೋಡಿದರೆ ಕಾರಿದ್ದ ಮನೆಗಳ ಮುಂದೆಲ್ಲ ಡ್ರೈವರ್ ಹುಡುಗರು ಒಣ ಅರಿವಿ ಹಿಡಿದು ಬಾನೆಟ್ಟನ್ನು ಗಸಗಸ ತಿಕ್ಕುತ್ತಿರುತ್ತಾರೆ. ಒಬ್ಬನನ್ನು ಕೇಳಿದೆ, "ಯಾಕೋ ತಮ್ಮಾ, ನೀರ ಹಾಕದ ತಿಕ್ಕಾಕತ್ತಿ?"

"ಟೈಮ್ ಎಲ್ಲೈತ್ರಿ ಅಣ್ಣಾರ? ಫಳಫಳ ಅನ್ಲಿಲ್ಲಂದ್ರ ಸಾಹುಕಾರ್ರು ಬೈತಾರ್ರಿ. ಗೀರ ಬಿದ್ರೂ ನನಗ ಬೈತಾರ್ರಿ."

ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪಾರದರ್ಶಕ ಪದರ ಇರುತ್ತೆ. ಅದರ ದಪ್ಪ ಸುಮಾರು 40-50 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ತೆಳು. ಧೂಳಿನಲ್ಲಿರೋ ಮರಳಿನ ಕಣವೋ ಬರೀ ಕ್ವಾರ್ಟ್ಜ್. ಗಡಸುತನ ಅಳೆಯೋ ಮೋಸ್ ಮಾಪಕದಲ್ಲಿ ಅದಕ್ಕೆ 7, ಗಾಜಿಗೇ ಸುಮಾರು 5.5. ಕಬ್ಬಿನ ಸಿಪ್ಪೆ ಸುಟ್ಟ ಬೂದಿಯಲ್ಲೂ ಸಿಲಿಕಾ ಹೇರಳ. ಅಂಥದ್ದನ್ನು ಅರಿವಿಯ ಕೆಳಗಿಟ್ಟು ಗುಂಡಗೆ ತಿಕ್ಕಿದರೆ ಅದು ಮರಳು ಕಾಗದದ ಕೆಲಸವೇ. ಕರಿ ಕಾರೊಂದನ್ನು ಸಂಜೆ ಬಿಸಿಲಿಗೆ ನಿಲ್ಲಿಸಿ ನೋಡಿ, ಮೈತುಂಬ ಜೇಡರ ಬಲೆ ಕಾಣುತ್ತೆ.

ಹಿಮ ಬೀಳೋ ದೇಶದಲ್ಲೂ ಇದೇ ಪಾಠವಂತೆ. ನ್ಯೂಜೆರ್ಸಿಯಲ್ಲಿರೋ ನನ್ನ ತಮ್ಮ ಹೇಳ್ತಾನೆ: ಬಣ್ಣದ ಮೇಲೆ ಸಲಿಕೆ ತಗಲಿಸೋ ಹಾಗಿಲ್ಲ, ಪ್ಲಾಸ್ಟಿಕ್ ಕೆರೆಯೋ ಪಟ್ಟಿ ಗಾಜಿಗೆ ಮಾತ್ರ. ಮೇಲಿನ ಹಿಮವನ್ನು ಮೆತ್ತನೆ ಫೋಮ್ ಬ್ರಷ್ಷಿನಿಂದ ತಳ್ಳಿ, ಬಣ್ಣಕ್ಕೆ ಅಂಟಿದ ಕೊನೆಯ ಪದರವನ್ನು ಕರಗೋಕೆ ಬಿಟ್ಟುಬಿಡಬೇಕು. ಒಳಗೆ ಹೀಟರ್ ಹಾಕಿ ಕಾಯಬೇಕು. ಅವಸರಕ್ಕೆ ಬಿಸಿನೀರು ಸುರಿದರೆ ಗಾಜು ಸೀಳಬಹುದು. ಅಲ್ಲಿ ಶಾಖ ಮೊದಲು ಕೆಲಸ ಮಾಡಬೇಕು, ಇಲ್ಲಿ ನೀರು. ಕೈ ಆಮೇಲೆ.

ಆದರೆ ಒಂದು ವ್ಯತ್ಯಾಸ ಇದೆ, ನನ್ನ ವಾದ ನಿಂತಿರೋದೇ ಅದರ ಮೇಲೆ. ಟಾಪಿನ ಮೇಲೆ ಬಿಟ್ಟ ಮಂಜುಗಡ್ಡೆ ಹಾರಿ ಹಿಂದಿನ ಕಾರಿನವರಿಗೆ ಬಡಿಯುತ್ತೆ. ಹಾಗಾಗಿ 2010ರಿಂದ ನ್ಯೂಜೆರ್ಸಿಯಲ್ಲಿ ಹಿಮ ತೆಗೆಯದೆ ಹೊರಟರೆ 25ರಿಂದ 75 ಡಾಲರ್ ದಂಡ. ನಮ್ಮ ಎರೆಮಣ್ಣಿನ ಧೂಳು ಯಾರ ತಲೆ ಒಡೆದಿದೆ ಹೇಳಿ? ಅದು ಕೆಡಿಸೋದು ಮಾಲೀಕರ ಗತ್ತನ್ನು ಮಾತ್ರ. ಆ ಗತ್ತಿಗಾಗಿ ದಿನಾ ಹುಡುಗನ ಕೈಲಿ ತಿಕ್ಕಿಸಿ, ಗೀರು ಬಿದ್ದ ಮೇಲೆ ಅವನ ಪಗಾರ ಹಿಡಿಯೋದು ಯಾವ ನ್ಯಾಯ? ಹಾಗೆ ಪಗಾರ ಹಿಡಿದವರನ್ನು ನಾನು ಬಲ್ಲೆ, ಹೆಸರು ಬೇಡ.

"ಹಾಗಾದರೆ ದಿನಾ ಪೈಪು ಹಿಡಿದು ತೊಳೀಬೇಕಾ?" ಅಂತೀರಿ. ಬೇಡ ಮಾರಾಯ್ರೇ. ಕೃಷ್ಣೆ, ಘಟಪ್ರಭೆ ಎರಡೂ ನಮ್ಮ ತಾಲೂಕಿನ ಅಕ್ಕಪಕ್ಕ ಇವೆ ಅಂತ ಬೇಸಿಗೆಯಲ್ಲಿ ನೀರು ಚೆಲ್ಲೋಕೆ ಆಗುತ್ತಾ? 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯೋ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂದಿತ್ತಲ್ಲ. ದಿನಾ ಗಾಜು, ದೀಪ, ಕನ್ನಡಿ, ನಂಬರ್ ಪ್ಲೇಟು ಇಷ್ಟನ್ನೇ ಒದ್ದೆ ಮಾಡಿ ಒರೆಸಿ, ಉಳಿದ ಧೂಳು ಕೂತಿರಲಿ. ವಾರಕ್ಕೊಮ್ಮೆ ಎರಡು ಬಕೆಟ್ ನೀರು ಸಾಕು. ಒಂದರಿಂದ ತಂಬಿಗೆಯಲ್ಲಿ ಟಾಪಿನಿಂದ ಕೆಳಕ್ಕೆ ನೀರು ಬಿಟ್ಟು ಮಣ್ಣು ನೆನೆಸಿ ಇಳಿಸಬೇಕು. ಇನ್ನೊಂದರಲ್ಲಿ ಅರಿವಿ ಜಾಲಾಡಿಸ್ತಾ ಮೇಲಿಂದ ಕೆಳಗೆ ನೇರವಾಗಿ, ಒತ್ತದೆ ಒರೆಸಬೇಕು. ಕೆಳಗೆ ಬಿದ್ದ ಅರಿವಿಯನ್ನು ಮತ್ತೆ ಕಾರಿಗೆ ಹಚ್ಚಬಾರದು. ಗಾಜಿನ ಮೇಲೆ ಒಣ ಧೂಳಿದ್ದಾಗ ವೈಪರ್ ಹಾಕೋದೂ ಬೇಡ.

ಇನ್ನು ಡೀಸೆಲ್ ಹಚ್ಚಿ ಹೊಳಪು ಬರಿಸೋ ಪಂಡಿತರು. ಎರಡು ತಾಸು ಮಿಂಚುತ್ತೆ, ನಿಜ. ಆ ಜಿಡ್ಡಿಗೆ ಅನಗವಾಡಿ ದಾಟೋದರೊಳಗೆ ಮೊದಲಿನ ಎರಡರಷ್ಟು ಧೂಳು ಹತ್ತಿರುತ್ತೆ, ಮರುದಿನ ಹುಡುಗ ಮತ್ತೆ ಅರಿವಿ ಹಿಡೀತಾನೆ.