ನೆಲಕ್ಕೊಂದು ಬಟ್ಟೆ



2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ 24 ಗಂಟೆಗಳೊಳಗೆ 944 ಮಿಲಿಮೀಟರ್ ಮಳೆ ಸುರಿಯಿತು. ಚರಂಡಿಗಳಲ್ಲಿ ಸಿಕ್ಕಿಕೊಂಡ ಪಾಲಿಥೀನ್ ಚೀಲಗಳು ನೀರಿನ ದಾರಿಯನ್ನು ಕಟ್ಟಿದುವೆಂದು ಅಂದು ಜನರೆಲ್ಲ ಶಪಿಸಿದರು. ಶಾಪಕ್ಕೆ ಕಾರಣವೇನೋ ಉಂಟು. ಆದರೆ ದೋಷವು ವಸ್ತುವಿನದೋ, ಅದನ್ನು ಬಳಸಿದ ಕೈಯದೋ ಎಂಬುದನ್ನು ನಾವು ವಿಚಾರಿಸಬೇಡವೆ?

1933ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ಆಕಸ್ಮಿಕವಾಗಿ ದೊರೆತ ಪಾಲಿಥೀನು ಮಣ್ಣಿನಲ್ಲಿ ಸುಲಭವಾಗಿ ಕೊಳೆಯುವುದಿಲ್ಲ. ಅದನ್ನು ತೆಳುವಾದ ಪಟ್ಟಿಗಳಾಗಿ ಸೀಳಿ, ಎಳೆದು ಬಲಪಡಿಸಿ, ನೇಕಾರನು ನೂಲನ್ನು ನೇಯುವಂತೆ ಹಾಸುಹೊಕ್ಕಾಗಿ ನೇಯ್ದರೆ ಗಟ್ಟಿಯಾದ ಬಟ್ಟೆಯಾಗುತ್ತದೆ. ನೆಲದಲ್ಲಿ ಹಾಸುವ ಇಂತಹ ಬಟ್ಟೆಗೆ ಭೂವಸ್ತ್ರವೆಂದು ಹೆಸರು.

ನೆಲಕ್ಕೆ ಬಟ್ಟೆಯೇಕೆ? ಮೆತ್ತನೆಯ ಮಣ್ಣಿನ ಮೇಲೆ ಜಲ್ಲಿ ಸುರಿದು ರಸ್ತೆ ಮಾಡಿದರೆ, ಮಳೆಗಾಲದಲ್ಲಿ ವಾಹನಗಳ ಭಾರಕ್ಕೆ ಜಲ್ಲಿಯು ಕೆಸರಿಗಿಳಿಯುತ್ತದೆ, ಕೆಸರು ಜಲ್ಲಿಯ ಸಂದಿಗೇರುತ್ತದೆ, ರಸ್ತೆ ಕುಸಿಯುತ್ತದೆ. ನಡುವೆ ಭೂವಸ್ತ್ರವನ್ನು ಹಾಸಿದರೆ ಎರಡೂ ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲುತ್ತವೆ. ನೀರು ಮಾತ್ರ ನೇಯ್ಗೆಯ ಕಂಡಿಗಳಿಂದ ಸೋಸಿಹೋಗುತ್ತದೆ. ಅಮೆರಿಕದ ದಕ್ಷಿಣ ಕರೋಲಿನದಲ್ಲಿ 1926ರಲ್ಲಿಯೇ ರಸ್ತೆಗಳಿಗೆ ಹತ್ತಿಯ ಬಟ್ಟೆಯನ್ನು ಹಾಸಿ ಪರೀಕ್ಷಿಸಿದ್ದರು. ಆದರೆ ಹತ್ತಿಯು ಕೊಳೆಯುವ ವಸ್ತು.

ಹಾಲೆಂಡಿನಲ್ಲಿ 1953ರಲ್ಲಿ ಸಮುದ್ರವು ಉಕ್ಕಿ 1,836 ಜನರು ಮಡಿದರು. ಮತ್ತೆ ಅಂತಹ ವಿಪತ್ತು ಬಾರದಿರಲೆಂದು ಕಟ್ಟಿ 1986ರಲ್ಲಿ ಉದ್ಘಾಟಿಸಿದ ಪೂರ್ವ ಶೆಲ್ಡ್ ತಡೆಗಟ್ಟಿನ 65 ಕಂಬಗಳ ಅಡಿಯಲ್ಲಿ ಮರಳು, ಜಲ್ಲಿಗಳನ್ನು ತುಂಬಿದ ಬಟ್ಟೆಯ ಹಾಸಿಗೆಗಳಿವೆ. ಆ ಬಟ್ಟೆಯು ಪಾಲಿಥೀನಿನ ಸಜಾತಿಯಾದ ಪಾಲಿಪ್ರೊಪಿಲೀನಿನದು. ಕಡಲತಳದ ಮರಳು ಕೊಚ್ಚಿಹೋಗದಂತೆ ಅವು ನೀರಿನೊಳಗಿದ್ದು ಕಾಯುತ್ತಿವೆ. ಚರಂಡಿಯಲ್ಲಿ ಶಾಪವಾದ ಗುಣವೇ ಇಲ್ಲಿ ವರವಾಯಿತು.

ಹಾಗೆಂದು ಎಲ್ಲೆಡೆಯೂ ಪ್ಲಾಸ್ಟಿಕ್ಕನ್ನು ಹಾಸುವುದು ವಿವೇಕವಲ್ಲ. ಬಿಸಿಲಿಗೆ ಬಿದ್ದ ಪಾಲಿಥೀನು ಕ್ರಮೇಣ ಪೆಡಸಾಗಿ ಒಡೆಯುತ್ತದೆ. ಅದರ ಚೂರುಗಳು ಹೊಳೆ, ಕಡಲುಗಳನ್ನು ಸೇರುತ್ತವೆ. ಇಳಿಜಾರಿನ ಮಣ್ಣನ್ನು ಹುಲ್ಲು ಬೇರೂರುವವರೆಗೆ ಹಿಡಿದಿಡಬೇಕಾದಲ್ಲಿ ತೆಂಗಿನ ನಾರಿನ ಜಾಲವೇ ಲೇಸು. ಹುಲ್ಲು ಹಬ್ಬಿದ ಮೇಲೆ ಅದು ತಾನೂ ಮಣ್ಣಾಗುತ್ತದೆ.

ಕೆಲಸವು ಎಷ್ಟು ಕಾಲದ್ದೋ ವಸ್ತುವೂ ಅಷ್ಟು ಕಾಲ ಬಾಳುವಂತಹುದಿರಬೇಕೆಂಬುದೇ ನನ್ನ ಅಭಿಪ್ರಾಯ. ಬಹುಕಾಲ ನಿಲ್ಲಬೇಕಾದ ರಸ್ತೆಯ ತಳಕ್ಕೆ ಪಾಲಿಥೀನು ತಕ್ಕುದು. ಮಾರುಕಟ್ಟೆಯಿಂದ ಮನೆಯವರೆಗೆ ಕಾಲು ಗಂಟೆ ತರಕಾರಿ ಹೊರುವುದಕ್ಕೆ ಎಂದೂ ಕೊಳೆಯದ ಚೀಲವೇಕೆ? ನಾಳೆ ತಾಯಿಯವರು ಸಾಮಾನು ತರಲು ಕಳುಹಿಸಿದಾಗ ಈ ಪ್ರಶ್ನೆಯನ್ನು ನೆನೆದು, ಗೂಟದ ಮೇಲಿನ ಬಟ್ಟೆಯ ಚೀಲವನ್ನು ಕೈಗೆತ್ತಿಕೊಳ್ಳಿರಿ.